ಗಜನಿ ಗದ್ದೆಯಲ್ಲಿ ಬೀಸಣಿಗೆ ಬಾಲದ ಉಲಿಯಕ್ಕಿಯನ್ನು ಗುರುತಿಸುವ ಬಗೆ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿಗಳಲ್ಲಿ (ಉಪ್ಪುನೀರಿಗೆ ಒಡ್ಡು ಕಟ್ಟಿದ ತಗ್ಗು ಗದ್ದೆಗಳಲ್ಲಿ) ಉಪ್ಪನ್ನು ತಾಳುವ ಕಗ್ಗ ಭತ್ತ ಎತ್ತರಕ್ಕೆ ಬೆಳೆದು ನಿಂತಿರುವ ಮಳೆಗಾಲವೇ ಬೀಸಣಿಗೆ ಬಾಲದ ಉಲಿಯಕ್ಕಿಯನ್ನು, ಅಂದರೆ ಪಕ್ಷಿವೀಕ್ಷಕರು ಜಿಟ್ಟಿಂಗ್ ಸಿಸ್ಟಿಕೋಲ ಎನ್ನುವ ಹಕ್ಕಿಯನ್ನು, ಕಾಣಲು ತಕ್ಕ ಕಾಲ. ಸುಮಾರು 10 ಸೆಂಟಿಮೀಟರ್ ಉದ್ದದ, ಕಂದು ಬೆನ್ನಿನ ಮೇಲೆ ಕಪ್ಪು ಗೀರುಗಳಿರುವ ಈ ಹಕ್ಕಿ ಉಳಿದ ಕಾಲದಲ್ಲಿ ಹುಲ್ಲಿನೊಳಗೆ ಅಡಗಿಯೇ ಇರುತ್ತದೆ. ಹೀಗಾಗಿ ಇದನ್ನು ಮೊದಲು ಕಿವಿಯಿಂದ ಹುಡುಕಬೇಕು.

ಮಳೆ ಹೊಳವಾದ ಬೆಳಿಗ್ಗೆ, ಗದ್ದೆಯವರನ್ನು ಕೇಳಿಕೊಂಡು, ಒಡ್ಡಿನ ಮೇಲೆ ಹದಿನೈದು ನಿಮಿಷ ಅಲುಗಾಡದೆ ನಿಲ್ಲಿ. ಗಂಡು ಪೈರಿನಿಂದ ಮೇಲೆದ್ದು, ಗದ್ದೆಯ ಮೇಲೆ ಏರುತ್ತ ಇಳಿಯುತ್ತ ಸುತ್ತು ಹಾಕುವಾಗ, ಪ್ರತಿ ಏರಿಳಿತಕ್ಕೂ ಒಂದರಂತೆ ಕತ್ತರಿ ಆಡಿಸಿದ ಸದ್ದಿನಂಥ ‘ಜಿಟ್, ಜಿಟ್’ ಕೇಳಿಬರುತ್ತದೆ. ಆ ಸದ್ದಿನ ಜಾಡು ಹಿಡಿದು ದುರ್ಬೀನು ಎತ್ತಿ, ಹಕ್ಕಿ ಕೆಳಗಿಳಿಯುವವರೆಗೂ ಕಣ್ಣು ತೆಗೆಯಬೇಡಿ. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಗಿಡ್ಡ ಬಾಲದ ಬಿಳಿ ತುದಿ, ಅದರ ಹಿಂದಿನ ಕಪ್ಪು ಪಟ್ಟಿ ಕಂಡರೆ ಗುರುತು ಬಹುಮಟ್ಟಿಗೆ ಖಚಿತವಾದಂತೆ. ಇಂಥದೇ ಗದ್ದೆಗಳಲ್ಲಿರುವ ಪ್ಲೇನ್ ಪ್ರಿನಿಯಾ ಎಂಬ ಪುಟ್ಟ ಹಕ್ಕಿಗೆ ಬಾಲ ಉದ್ದ, ಬೆನ್ನಿನ ಮೇಲೆ ಗೀರುಗಳಿಲ್ಲ. ಗೀರುಗಳಿರುವ ಇನ್ನೊಂದು ಕಂದು ಹಕ್ಕಿ ಪಿಪಿಟ್ ಉಲಿಯಕ್ಕಿಗಿಂತ ದೊಡ್ಡದು, ನೆಲದ ಮೇಲೆ ನಡೆದಾಡುವಂಥದು.

ಹಕ್ಕಿ ಇಳಿದ ಜಾಗಕ್ಕೆ ಹೋಗಿ ಪೈರು ಸರಿಸಿ ನೋಡುವ ಆಸೆ ಯಾರಿಗಾದರೂ ಬರುವುದು ಸಹಜ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಗಂಡು ಬೇರಿನ ಮೇಲೆ ಹಸಿಯಾಗಿಯೇ ನಿಂತಿರುವ ಹುಲ್ಲಿನ ಎಲೆಗಳನ್ನು ಜೇಡರ ಬಲೆಯ ಎಳೆಗಳಿಂದ ಒಂದಕ್ಕೊಂದು ಬಿಗಿದು, ಮೇಲ್ಗಡೆ ಬಾಯಿರುವ ಚೀಲದಂಥ ಗೂಡನ್ನು ಕಟ್ಟುತ್ತದೆ. ಒಪ್ಪಿಕೊಂಡ ಹೆಣ್ಣು ಒಳಗೆ ಮೆತ್ತನೆಯ ನವಿರು ಹಾಸಿ ಮೊಟ್ಟೆಯಿಡುತ್ತದೆ. ಒಣ ಕಡ್ಡಿ ಹೆಣೆದ ಗೂಡಿನಂತೆ ಇದು ಹುಲ್ಲಿನಿಂದ ಬೇರೆಯಾದ ವಸ್ತುವಲ್ಲ. ಎಲೆಗಳನ್ನು ಅತ್ತಿತ್ತ ಸರಿಸಿದರೆ ಗೂಡಿನ ಗೋಡೆಯೇ ಹರಿಯುತ್ತದೆ, ಹರಿಯದಿದ್ದರೂ ಮರೆ ತಪ್ಪಿ ಹಾವಿನ, ಕಾಗೆಯ ಕಣ್ಣಿಗೆ ಬೀಳುತ್ತದೆ. ಕೊಕ್ಕಿನಲ್ಲಿ ಹುಳು ಹಿಡಿದ ಹಕ್ಕಿ ತೆನೆಯ ಮೇಲೆ ಕುಳಿತು ಬಿಡದೆ ಕೂಗುತ್ತಿದ್ದರೆ ಮರಿಗಳು ಹತ್ತಿರದಲ್ಲೇ ಇವೆ ಎಂದು ತಿಳಿದು, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಮೊಬೈಲಿನಲ್ಲಿ ಇದರ ಕೂಗನ್ನು ಹಾಕಿ ಕರೆಯುವುದೂ ಬೇಡ. ತನ್ನ ನೆಲೆ ಕಾಯಬೇಕಾದ ಗಂಡು, ಅಲ್ಲಿ ಇಲ್ಲವೇ ಇಲ್ಲದ ಎದುರಾಳಿಯನ್ನು ಅರಸುತ್ತ ದಣಿಯುತ್ತದೆ.

ನೋಡಿದ ದಿನಾಂಕ, ಹೊತ್ತು, ಪೈರಿನ ಎತ್ತರ, ಹಾಡುತ್ತಿದ್ದ ಗಂಡುಗಳ ಸಂಖ್ಯೆಯನ್ನು ಅಲ್ಲೇ ಬರೆದುಕೊಳ್ಳಿ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಅಳಿವೆಯಲ್ಲಿ ಒಂದೇ ಒಡ್ಡಿನಿಂದ ವರ್ಷವರ್ಷವೂ ಮಾಡಿದ ಎಣಿಕೆಗೆ ಬೆಲೆಯಿದೆ. ಕಗ್ಗದ ಕೊಯ್ಲು ಮುಗಿದು ಗಜನಿಗೆ ಉಪ್ಪುನೀರು ಬಿಟ್ಟ ಮೇಲೆ ಬಂದವರು ಒಡ್ಡಿನ ಅಂಚಿನಲ್ಲಿ ಉಳಿದ ಹುಲ್ಲನ್ನೇ ದೂರದಿಂದ ಗಮನಿಸಬೇಕು.