ಮಣಿಕಟ್ಟು ಮುರಿದು, ಜೊತೆಗಾರ ಹೋಗಿ, ಮತ್ತೆ ಗಾಲ್ಫ್‌ಗೆ

ಗಾಲ್ಫ್‌ನ ಒಂದು ಪೂರ್ತಿ ಸುತ್ತು, ಅಂದರೆ 18 ಹೋಲ್, ಆಡಿ ಮುಗಿಸೋಕೆ ನಾಲ್ಕು ಗಂಟೆ ಬೇಕು. ಅದರಲ್ಲಿ ಚೆಂಡು ಹೊಡೆಯುವ ಕೋಲು, ಅಂದರೆ ಕ್ಲಬ್, ಬೀಸುವ ಹೊತ್ತು ಎಲ್ಲಾ ಕೂಡಿಸಿದರೂ ಕೆಲವೇ ನಿಮಿಷ. ಮಿಕ್ಕಿದ್ದೆಲ್ಲಾ ನಡಿಗೆ. ಇಲ್ಲಾ, ಮುಂದಿನವರು ಗ್ರೀನ್, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಜಾಗ, ಬಿಡಲಿ ಅಂತ ಕಾಯುತ್ತಾ ನಿಲ್ಲುವುದು. ಮನಸ್ಸು ಸರಿ ಇದ್ದಾಗ ಈ ಆಟದ ಸುಖ ಇರುವುದೇ ಅಲ್ಲಿ. ಮನೆಯಲ್ಲಿ ಸಾವಾದ ಮೇಲೆ ಕಷ್ಟ ಇರುವುದೂ ಅಲ್ಲೇ. ಶಟಲ್ ಆಡುವವರಿಗೆ ಯೋಚನೆ ಮಾಡೋಕೆ ಪುರಸೊತ್ತೇ ಸಿಗಲ್ಲ. ನಮಗೆ ಬರೀ ಪುರಸೊತ್ತು.

ನಮ್ಮ ಯಜಮಾನರು 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ ಹೋದರು. ಆಗ ಬೆಂಗಳೂರು ಹೇಗಿತ್ತು ಅಂತ ಮತ್ತೆ ಹೇಳಬೇಕಾಗಿಲ್ಲ. ನನಗೆ ಗಾಲ್ಫ್ ಕಲಿಸಿದ್ದೇ ಅವರು. ಬೆಳಗಿನ ಹೊತ್ತು ಇಬ್ಬರೂ ಒಟ್ಟಿಗೆ ಆಡುತ್ತಿದ್ದೆವು. ಅವರು ಹೋಗಿ ಸ್ವಲ್ಪ ದಿನಕ್ಕೆ ನಾನು ಬಚ್ಚಲಲ್ಲಿ ಜಾರಿ ಬಿದ್ದು ಎಡ ಮಣಿಕಟ್ಟು ಮುರಿಯಿತು. ಬಲಗೈಯವರು ಗಾಲ್ಫ್ ಆಡುವಾಗ ಮುಂದಿರುವ ಕೈ ಎಡಗೈ. ಕ್ಲಬ್ ನೆಲಕ್ಕೆ ತಗುಲಿದರೆ ಏಟು ನೇರ ಅದಕ್ಕೇ. ಸರಿ, ಆಟ ಮುಗೀತು ಅಂದುಕೊಂಡೆ.

ಆ ಆಗಸ್ಟ್ 7ರ ಬೆಳಗ್ಗೆ ಟೋಕಿಯೊ ಒಲಿಂಪಿಕ್ಸ್‌ನ ಮಹಿಳಾ ಗಾಲ್ಫ್‌ನ ಕೊನೇ ಸುತ್ತು. ಅದಿತಿ ಅಶೋಕ್ ಆಡುತ್ತಿದ್ದಳು. ನಮ್ಮ ಬೆಂಗಳೂರಿನ ಹುಡುಗಿ. ಅಮ್ಮನೇ ಕ್ಯಾಡಿಯಾಗಿ ಬ್ಯಾಗ್ ಹೊತ್ತಿದ್ದರು. ಒಲಿಂಪಿಕ್ಸ್‌ಗೆ ಮುಂಚೆ ಅವಳಿಗೂ ಕೋವಿಡ್ ಬಂದು ಹೋಗಿತ್ತು, ಡ್ರೈವ್, ಅಂದರೆ ಮೊದಲ ಉದ್ದನೆ ಹೊಡೆತದ, ದೂರ ಕಮ್ಮಿಯಾಗಿತ್ತು. ಜೊತೆಯವರ ಚೆಂಡು ಎಲ್ಲೋ ಮುಂದೆ ಹೋಗಿ ಬೀಳುತ್ತಿದ್ದರೆ ಇವಳು ಹಿಂದಿನಿಂದ ದೂರದ ಹೊಡೆತಕ್ಕಿರುವ ಹೈಬ್ರಿಡ್ ಕ್ಲಬ್ ತೆಗೆದು ಗ್ರೀನ್ ಮೇಲೆ ಇಡುತ್ತಿದ್ದಳು. ಆಮೇಲೆ ಚೆಂಡನ್ನು ಹೋಲ್‌ಗೆ ಉರುಳಿಸುವ ಪಟ್ಟರ್‌ನಲ್ಲಿ ಎಲ್ಲಾ ಸರಿ ಮಾಡಿಕೊಳ್ಳುತ್ತಿದ್ದಳು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವಳಾದಳು. ನನ್ನ ಕೈಗೆ ಇನ್ನೂ ಪ್ಲಾಸ್ಟರ್ ಇತ್ತು. ದೂರ ಹೊಡೆಯೋಕಾಗದವರಿಗೂ ಈ ಆಟದಲ್ಲಿ ಜಾಗ ಇದೆ ಅಂತ ಅವತ್ತು ಕಣ್ಣಾರೆ ಕಂಡೆ. ಹಾಗಾಗಿ ನಾನು ಮತ್ತೆ ಶುರು ಮಾಡಿದ್ದು ಪಟ್ಟರ್‌ನಿಂದ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಫಿಸಿಯೋಥೆರಪಿಯವರು ಒದ್ದೆ ಟವೆಲ್ ಹಿಂಡಿಸಿದರು, ಸ್ಪಂಜ್ ಚೆಂಡು ಅದುಮಿಸಿದರು. ನಾನು ಅದರ ಜೊತೆಗೆ ಹಾಲ್‌ನಲ್ಲಿ ಸ್ಟೀಲ್ ಲೋಟ ಮಲಗಿಸಿ ಪಟ್ ಮಾಡುತ್ತಿದ್ದೆ. ಗಾಲ್ಫ್ ಹೋಲ್‌ನ ಅಗಲ 108 ಮಿಲಿಮೀಟರ್. ಕಾಫಿ ಲೋಟದ ಬಾಯಿ ಅದಕ್ಕಿಂತ ಎಷ್ಟೋ ಚಿಕ್ಕದು. ಅಲ್ಲಿ ಅಭ್ಯಾಸ ಆದರೆ ಗ್ರೀನ್ ಮೇಲಿನ ಹೋಲ್ ದೊಡ್ಡದಾಗಿ ಕಾಣುತ್ತದೆ. ಪಟ್ಟರ್ ನಮ್ಮ ಯಜಮಾನರದ್ದು, 35 ಇಂಚು, ನನ್ನ ಎತ್ತರಕ್ಕೆ ಜಾಸ್ತಿ. ಎರಡು ಇಂಚು ಗಿಡ್ಡ ಮಾಡಿಸಿದೆ. ಕತ್ತರಿಸಿದರೆ ಪಟ್ಟರ್‌ನ ತಲೆ ಹಗುರ ಆದ ಹಾಗೆ ಅನ್ನಿಸುತ್ತೆ. ಅದಕ್ಕೆ ತಳದಲ್ಲಿ ಸೀಸದ ಪಟ್ಟಿ ಅಂಟಿಸಿಕೊಳ್ಳಬೇಕು. ಅವರ ಮಿಕ್ಕ ಕ್ಲಬ್‌ಗಳನ್ನು ನಮ್ಮ ಕ್ಯಾಡಿಯ ಮಗನಿಗೆ ಕೊಟ್ಟೆ, ಅವನು ಚೆನ್ನಾಗಿ ಆಡುತ್ತಾನೆ.

ನನ್ನ ಬ್ಯಾಗ್ ತೆಗೆದರೆ ಕ್ಲಬ್‌ಗಳ ಹಿಡಿಯ ರಬ್ಬರ್ ಗ್ರಿಪ್‌ಗಳೆಲ್ಲಾ ಗಟ್ಟಿಯಾಗಿ ಜಾರುತ್ತಿದ್ದವು. ಸುಮ್ನೆ ಮೂಲೇಲಿಟ್ಟ ರಬ್ಬರ್ ಹಾಗಾಗುತ್ತೆ. ಜಾರುವ ಗ್ರಿಪ್ ಅಂದರೆ ಕೈ ಇನ್ನೂ ಬಿಗಿ ಹಿಡಿಯುತ್ತೆ, ಮಣಿಕಟ್ಟಿಗೆ ಅದೇ ವಿಷ. ಕ್ಲಬ್ಬಿನ ಅಂಗಡಿಯ ಹುಡುಗ ನನ್ನೆದುರೇ ಹೊಸದು ಹಾಕಿಕೊಟ್ಟ. ಹಳೇದನ್ನು ಬ್ಲೇಡಿನಲ್ಲಿ ಮೈಯಿಂದ ಆಚೆ ಕಡೆಗೆ ಸೀಳಿ ತೆಗೆದ. ಹಳೇ ಅಂಟು ಉಜ್ಜಿ, ಎರಡೂ ಕಡೆ ಅಂಟಿರುವ ಟೇಪ್ ಸುತ್ತಿದ. ಗ್ರಿಪ್ಪಿನ ತುದಿಯ ತೂತನ್ನು ಬೆರಳಿನಿಂದ ಮುಚ್ಚಿಕೊಂಡು ಒಳಗೆ ಪೆಟ್ರೋಲ್ ಹಾಕಿ ಕುಲುಕಿ, ಅದನ್ನೇ ಟೇಪ್ ಮೇಲೆ ಸುರಿದ. ಆಮೇಲೆ ಒಂದೇ ತಳ್ಳಿಗೆ ಸರ್ರನೆ ಒಳಗೆ. ನಿಧಾನ ಮಾಡಿದರೆ ಅರ್ಧದಲ್ಲೇ ಕಚ್ಚಿಕೊಳ್ಳುತ್ತಂತೆ. ಮಾಮೂಲಿಗಿಂತ ಸ್ವಲ್ಪ ದಪ್ಪದ ಗ್ರಿಪ್ ಹಾಕಿಸಿದ್ದರಿಂದ ಅಷ್ಟು ಅದುಮಿ ಹಿಡಿಯಬೇಕಾಗಲಿಲ್ಲ. ಕೈ ನೋವಿದ್ದವರಿಗೆ ಎಲ್ಲಕ್ಕಿಂತ ದೂರ ಹೊಡೆಯುವ ಹೊಸ ಡ್ರೈವರ್ ಕ್ಲಬ್‌ಗಿಂತ ಈ ಖರ್ಚು ಮೊದಲು ಅಂತ ನನ್ನ ಲೆಕ್ಕ.

ಅಭ್ಯಾಸದ ರೇಂಜ್‌ನಲ್ಲಿ ಹಾಸಿರುವ ಮ್ಯಾಟ್ ಮೇಲೆ ಹೊಡೆಯಲಿಲ್ಲ. ಅದರಡಿ ಕಾಂಕ್ರೀಟ್. ಕ್ಲಬ್ ಸ್ವಲ್ಪ ಹಿಂದೆ ಬಿದ್ದರೂ ಮೊಣಕೈವರೆಗೆ ಝುಂ ಅನ್ನುತ್ತೆ. ಹುಲ್ಲಿರುವ ಕಡೆ ಹೋಗಿ, ಪ್ರತಿ ಚೆಂಡನ್ನೂ ಟೀ ಅನ್ನುವ ಚಿಕ್ಕ ಗೂಟದ ಮೇಲಿಟ್ಟು, ಹತ್ತಿರದ ಹೊಡೆತಕ್ಕಿರುವ ವೆಡ್ಜ್ ಕ್ಲಬ್‌ನಿಂದ ಸೊಂಟದೆತ್ತರದ ಹೊಡೆತ ಅಷ್ಟೇ. ಬಕೆಟ್ ಖಾಲಿ ಮಾಡಲೇಬೇಕು ಅಂತ ಏನಿಲ್ಲ. ಉಳಿದದ್ದನ್ನು ಪಕ್ಕದವರಿಗೆ ಕೊಟ್ಟು ಬರುತ್ತಿದ್ದೆ. ಅದಕ್ಕಿಂತ ದೂರ ಹೊಡೆಯುವ 7 ಐರನ್ ಕ್ಲಬ್‌ಗೆ ಬರೋಕೇ ಮಳೆಗಾಲ ಕಳೆಯಿತು.

ಈ ಮಧ್ಯೆ ಕಾಗದಪತ್ರದ ಕೆಲಸ ಬೇರೆ. ನಾನು ಆಡುತ್ತಿದ್ದದ್ದು ಗಂಡನ ಸದಸ್ಯತ್ವದ ಮೇಲೆ. ಅದನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಮರಣ ಪ್ರಮಾಣಪತ್ರ, ಅರ್ಜಿ, ಕಮಿಟಿ ಮೀಟಿಂಗ್. ನಿಯಮ ಒಂದೊಂದು ಕ್ಲಬ್ಬಿನಲ್ಲಿ ಒಂದೊಂದು ಥರ. ನಮ್ಮ ಕಾಲದಲ್ಲಿ ಮದುವೆ ಸರ್ಟಿಫಿಕೇಟ್ ಯಾರು ಮಾಡಿಸುತ್ತಿದ್ದರು? ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರಿತ್ತು, ಅದು ನಡೆಯಿತು. ಈ ಹಂತದಲ್ಲೇ ಬೇಸರವಾಗಿ ಆಟ ಬಿಟ್ಟ ಹೆಂಗಸರನ್ನು ನೋಡಿದ್ದೇನೆ. ಆಡುವ ಮನಸ್ಸಿಲ್ಲದಿದ್ದರೂ ಈ ಅರ್ಜಿ ಮಾತ್ರ ಬೇಗ ಕೊಟ್ಟುಬಿಡಿ.

ಮನೆ ಕಡೆ ಮಾತು ಬಂದೇ ಬಂತು. "ವರ್ಷಾಬ್ದಿಕ ಆಗಿ ಇನ್ನೂ ತಿಂಗಳಾಗಿಲ್ಲ, ಟೋಪಿ ಹಾಕ್ಕೊಂಡು ಹೊರಟ್ರಾ ಅತ್ತಿಗೆ?" ಅಂದಳು ನಾದಿನಿ. ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆಯವರೇ ಅಡುಗೆಮನೆಯಿಂದ, "ಇಬ್ಬರೂ ಹೋಗ್ತಿದ್ದಾಗ್ಲೇ ಬೈದೂ ಬೈದೂ ನಂಗೆ ಸಾಕಾಗಿದೆ, ನೀನು ಸುಮ್ನಿರು" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಕ್ಲಬ್ಬಿನಲ್ಲಿ ಅಷ್ಟು ಸುಲಭವಿರಲಿಲ್ಲ. ಸಿಕ್ಕವರೆಲ್ಲಾ ತಲೆ ಒಂದು ಕಡೆ ವಾಲಿಸಿ "ಹೇಗಿದ್ದೀರಾ?" ಅನ್ನುವವರೇ. ಒಳ್ಳೇ ಮನಸ್ಸಿನಿಂದಲೇ ಕೇಳುತ್ತಿದ್ದರು, ಆದರೆ ಆಟ ಶುರುವಾಗುವ ಮೊದಲ ಟೀ ಹತ್ತಿರ ಅದಕ್ಕೆ ಏನಂತ ಹೇಳುವುದು? ಅದಕ್ಕೇ ಬೆಳಗ್ಗೆ ಆಟ ಶುರು ಮಾಡುವುದನ್ನೇ ಬಿಟ್ಟೆ. ವಾರದ ಮಧ್ಯೆ ಮಧ್ಯಾಹ್ನ ಮೂರಕ್ಕೆ ಜನ ಕಮ್ಮಿ. ಒಂಬತ್ತು ಹೋಲ್ ಆಡಿ ಮನೆಗೆ. ಕೆಲವು ದಿನ ಐದು ಹೋಲ್‌ಗೇ ವಾಪಸ್. ಯಾರಿಗೂ ಲೆಕ್ಕ ಕೊಡಬೇಕಾಗಿರಲಿಲ್ಲ.

ಆದರೆ ನಡಿಗೆ? ಅದಕ್ಕೆ ದಾರಿ ಮಾಡಿಕೊಟ್ಟದ್ದು ಗ್ಲೌಸ್. ಮೊದಲೆಲ್ಲಾ ಹಾಕಿದ್ದು ಹಾಕಿದ ಹಾಗೇ ಇರುತ್ತಿತ್ತು. ಈಗ ಹೊಡೆಯುವ ಮುಂಚೆ ಮಾತ್ರ ಹಾಕಿಕೊಳ್ಳುತ್ತೇನೆ. ಪಟ್ಟಿ ಅಂಟಿಸಿದ ಮೇಲೆ ಚೆಂಡು, ಗಾಳಿ, ಬೀಳಬೇಕಾದ ಜಾಗ, ಇಷ್ಟೇ. ಹೊಡೆದಾದ ಮೇಲೆ ಚರ್ರನೆ ಬಿಚ್ಚಿ ಜೇಬಿಗೆ. ಮುಂದಿನ ಹೊಡೆತದವರೆಗೆ ಮನಸ್ಸು ಎಲ್ಲಿಗೆ ಬೇಕಾದರೂ ಹೋಗಲಿ. ಅಳು ಬಂದರೆ ಅಳು. ನೆನಪನ್ನು ತಡೆಯೋಕೆ ಹೋದಾಗ ಅದು ಸರಿಯಾಗಿ ಹೊಡೆತದ ಹೊತ್ತಿಗೇ ಬರುತ್ತಿತ್ತು. ನಡೆಯುವಾಗ ಬಿಟ್ಟುಕೊಟ್ಟ ಮೇಲೆ ಹಾಗಾಗುವುದು ಕಮ್ಮಿಯಾಯಿತು.

ಇನ್ನೊಂದು ಉಪಕಾರ ಮಾಡಿದ್ದು ನಮ್ಮ ಕ್ಯಾಡಿ. ಉಳಿದವರೆಲ್ಲಾ ನನ್ನೆದುರು ಅವರ ಹೆಸರೆತ್ತೋಕೆ ಹಿಂಜರಿಯುತ್ತಿದ್ದರೆ ಇವನು ಹೊಂಗೆ ಮರದ ಹತ್ತಿರ ಬ್ಯಾಗ್ ಇಳಿಸಿ, "ಇದೇ ಮರ ಅಲ್ವಾ ಮೇಡಂ, ಸಾಹೇಬ್ರು ಪ್ರತಿಸಲ ಹೊಡೀತಿದ್ದಿದ್ದು?" ಅಂದ. ಹೌದು, ಅದೇ ಮರ. ಹೊಡೆದಾದ ಮೇಲೆ ಮರಕ್ಕೇ ಬೈಯುತ್ತಿದ್ದರು. ಇಬ್ಬರಿಗೂ ನಗು ಬಂತು. ಆಮೇಲೆ ಒಂಬತ್ತನೇ ಹೋಲ್‌ವರೆಗೆ ಬರೀ ಅವರ ಕಥೆಗಳೇ.

ಸ್ಕೋರ್ ಬರೆಯಲು ಶುರು ಮಾಡಿದಾಗ ಸ್ಟೇಬಲ್‌ಫೋರ್ಡ್ ಲೆಕ್ಕ ಹಿಡಿದೆ. ಫ್ರಾಂಕ್ ಸ್ಟೇಬಲ್‌ಫೋರ್ಡ್ ಅನ್ನುವ ಡಾಕ್ಟರ್ ಮಾಡಿದ ಪದ್ಧತಿ ಇದು. 1932ರಲ್ಲಿ ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ ಇದರ ಸ್ಪರ್ಧೆ ನಡೆಯಿತು. ಹ್ಯಾಂಡಿಕ್ಯಾಪ್, ಅಂದರೆ ಆಟದ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ, ಕಳೆದು ಆ ಹೋಲ್‌ಗೆ ನಿಗದಿಯಾದಷ್ಟೇ ಹೊಡೆತ (ಪಾರ್) ಆದರೆ ಎರಡು ಪಾಯಿಂಟ್, ಒಂದು ಜಾಸ್ತಿಯಾದರೆ (ಬೋಗಿ) ಒಂದು, ಅದಕ್ಕಿಂತ ಕೆಟ್ಟದಾದರೆ ಸೊನ್ನೆ. ಒಂದು ಹೋಲ್‌ನಲ್ಲಿ ಎಡವಟ್ಟಾದರೆ ಚೆಂಡು ಎತ್ತಿಕೊಂಡು ಮುಂದೆ ಹೋಗಬಹುದು. ಮನಸ್ಸು ಸೋತು ಬಂದವರಿಗೆ ಒಟ್ಟು ಹೊಡೆತ ಎಣಿಸುವುದಕ್ಕಿಂತ ಇದು ಎಷ್ಟೋ ವಾಸಿ. ಹಳೇ ಹ್ಯಾಂಡಿಕ್ಯಾಪ್ ಇಟ್ಟುಕೊಂಡು ಒದ್ದಾಡಬೇಕಾಗಿಯೂ ಇಲ್ಲ. ಗಾಯದಿಂದ ಆಟ ಇಳಿದಿದ್ದರೆ ಕಮಿಟಿ ಅದನ್ನು ಸರಿಹೊಂದಿಸಿಕೊಡಲು ನಿಯಮದಲ್ಲೇ ಅವಕಾಶ ಇದೆ. ನಾಚಿಕೆ ಪಡದೆ ಕೇಳಬೇಕು.

ಡಿಸೆಂಬರ್ ಚಳಿಗೆ ಮಣಿಕಟ್ಟು ಈಗಲೂ ಹಿಡಿದುಕೊಳ್ಳುತ್ತೆ. ಆಗೆಲ್ಲಾ ಡ್ರೈವರ್ ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಮಂಗಳವಾರದ ಲೇಡೀಸ್ ಡೇಗೆ ಮತ್ತೆ ಹೆಸರು ಕೊಟ್ಟಿದ್ದೇನೆ. ಹೋಲ್‌ನ ಶುರುವಿನಲ್ಲಿ ನನ್ನ ಮೊದಲ ಹೊಡೆತ ನೋಡಿ ಪಾರ್ಟ್‌ನರ್ ಏನೂ ಅನ್ನಲ್ಲ, ಸುಮ್ಮನೆ ನೀರು ಕುಡಿಯುತ್ತಾಳೆ. ಗ್ರೀನ್‌ಗೆ ಬಂದ ಮೇಲೆ ಮಾತ್ರ, "ನೀವೇ ಮೊದಲು ಹೊಡೀರಿ ಅಕ್ಕಾ" ಅನ್ನುತ್ತಾಳೆ.