ಕ್ಲಾಟ್ ಫಾರ್ಮ್: ಮೊದಲು ಹಾಳೆ, ಆಮೇಲೆ ಕಂಪ್ಯೂಟರ್

ಹೋದ ಸೀಸನ್‌ನಲ್ಲಿ ನಮ್ಮ ಸೈಬರ್ ಸೆಂಟರ್‌ನಿಂದ ಕ್ಲಾಟ್‌ಗೆ, ಅಂದರೆ ರಾಷ್ಟ್ರೀಯ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆಗೆ, ಸುಮಾರು ನಲವತ್ತು ಅರ್ಜಿ ಹೋದವು. ಒಂದೂ ಕೆಡಲಿಲ್ಲ. "ಒಂದು ಫಾರ್ಮ್‌ಗೆ ಮೂರು ದಿನ ಓಡಾಡಿಸ್ತೀಯಲ್ಲ ಮಾರಾಯ, ಗಿರಾಕಿ ಉಳೀತಾರಾ?" ಅಂತ ಪಕ್ಕದ ಸೆಂಟರ್‌ನವರು ನಕ್ಕಿದ್ದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಮೊದಲ ವರ್ಷ ನಾನೂ ಎಲ್ಲರ ಹಾಗೆ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೇರವಾಗಿ ಟೈಪ್ ಮಾಡುತ್ತಿದ್ದೆ. ಓಟಿಪಿ ಬೇಗ ಸಿಗಲಿ ಅಂತ ಒಬ್ಬನಿಗೆ ನನ್ನದೇ ಹಳೇ ನಂಬರ್ ಹಾಕಿಬಿಟ್ಟೆ. ಕ್ಲಾಟ್‌ನಲ್ಲಿ ಲಾಗಿನ್ ಆಗುವುದೇ ಮೊಬೈಲ್ ನಂಬರಿನಿಂದ, ಗೊತ್ತಲ್ಲ. ಹಾಲ್ ಟಿಕೆಟ್ ಬಂದಾಗ ಪಾಸ್‌ವರ್ಡ್ ಮರೆತಿತ್ತು, ಸಿಮ್ ರೀಚಾರ್ಜ್ ಇಲ್ಲದೆ ಸತ್ತಿತ್ತು. ಹುಡುಗನ ಅಪ್ಪ ಬೆಳಿಗ್ಗೆಯಿಂದ ಸಂಜೆವರೆಗೆ ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಇನ್ನು ದುಡ್ಡಿನ ಕಥೆ. ಜನರಲ್‌ಗೂ ಓಬಿಸಿಗೂ ಫೀಸು 4,000 ರೂಪಾಯಿ. ಎಸ್‌ಸಿ, ಎಸ್‌ಟಿ, ಬಿಪಿಎಲ್‌ಗೆ 3,500. "ನಮ್ದು 2ಎ ಸರ್, ಕಡಿಮೆ ಆಗತ್ತೆ ಅಲ್ವಾ?" ಅಂತ 3,500 ಎಣಿಸಿಕೊಂಡು ಬರುತ್ತಾರೆ. ಕಡಿಮೆ ಬಿದ್ದ 500 ನಾನೇ ಹಾಕಿದ್ದು ನಾಲ್ಕೈದು ಸಲ. ಅದರಲ್ಲಿ ಎರಡು ಇವತ್ತಿಗೂ ವಾಪಸ್ ಬಂದಿಲ್ಲ. ಇನ್ನೊಂದು ಸಲ ಯುಪಿಐನಲ್ಲಿ ದುಡ್ಡು ಕಟ್ ಆಯಿತು, ಸ್ಕ್ರೀನ್ ಮಾತ್ರ ಕಟ್ಟಿಲ್ಲ ಅಂತಲೇ ತೋರಿಸುತ್ತಿತ್ತು. ಗಾಬರಿಯಲ್ಲಿ ನನ್ನ ಅಕೌಂಟಿನಿಂದ ಮತ್ತೆ 4,000 ಕಟ್ಟಿದೆ. ವಾಪಸ್ ಬರಲು ಹತ್ತು ಹನ್ನೆರಡು ದಿನ ಹಿಡಿಯಿತು. ನನ್ನ ಸರ್ವಿಸ್ ಚಾರ್ಜ್ ಆಗ 150. ಲೆಕ್ಕ ನೀವೇ ಹಾಕಿ.

ಈಗಿನ ಪದ್ಧತಿ ಹೀಗಿದೆ. ಮೊದಲ ದಿನ ಕಂಪ್ಯೂಟರ್ ಮುಟ್ಟುವುದಿಲ್ಲ. ನಾನೇ ಟೈಪ್ ಮಾಡಿದ ಎರಡು ಬದಿಯ ಹಾಳೆ ಕೊಡುತ್ತೇನೆ. ಹುಡುಗರೇ ಪೆನ್ನಿನಲ್ಲಿ ತುಂಬಬೇಕು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಎದುರಿಗಿಟ್ಟುಕೊಂಡು. ಹೆಸರಿನ ಇನಿಶಿಯಲ್ ಅಂಕಪಟ್ಟಿಯಲ್ಲಿ ಹಿಂದೆ, ಆಧಾರ್‌ನಲ್ಲಿ ಮುಂದೆ ಇರುವುದು ಆಗಲೇ ಕಣ್ಣಿಗೆ ಬೀಳುತ್ತದೆ. ಮೊಬೈಲ್ ನಂಬರ್ ಅಪ್ಪನದೋ ಅಮ್ಮನದೋ, ಸದಾ ಚಾಲ್ತಿಯಲ್ಲಿರುವುದು.

ಎರಡನೇ ದಿನ ದಾಖಲೆ. ಇಲ್ಲಿ ಜಾತಿ ಸರ್ಟಿಫಿಕೇಟಿನದೇ ದೊಡ್ಡ ಕೆಲಸ. 2ಎ, 3ಬಿ ಎಲ್ಲ ರಾಜ್ಯದ ವರ್ಗಗಳು. ಓಬಿಸಿ ಕೋಟಾಗೆ ಕೇಂದ್ರದ ನಮೂನೆಯ ಎನ್‌ಸಿಎಲ್ (ಕೆನೆಪದರಕ್ಕೆ ಸೇರಿಲ್ಲ ಅನ್ನುವ) ಸರ್ಟಿಫಿಕೇಟ್ ಬೇಕು. 3ಬಿಯಲ್ಲಿ ಎಷ್ಟೋ ಜನರ ಜಾತಿ ಕೇಂದ್ರದ ಪಟ್ಟಿಯಲ್ಲೇ ಇಲ್ಲ. ರಾಜ್ಯದ ಸರ್ಟಿಫಿಕೇಟಿನ ಮೇಲೆ ಆರ್‌ಡಿ ನಂಬರ್ ಇದೆ ಅಂದ ಮಾತ್ರಕ್ಕೆ ಆಗುವುದಿಲ್ಲ.

ಹಾಳೆಯಲ್ಲಿ ಇನ್ನೊಂದು ಕಾಲಂ ಇದೆ: ಯಾವ ತರಗತಿ, ಯಾವ ಊರು. ಬೆಂಗಳೂರು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕರ್ನಾಟಕದಲ್ಲಿ 10 ವರ್ಷ ಓದಿದವರಿಗೆ ಶೇ. 25 ಸೀಟು. ಒಬ್ಬಳು ಹುಡುಗಿ "ನಾನು ಗೋವಾದಲ್ಲೂ ಓದಿದೀನಿ, ನಂಗೆ ಬರಲ್ಲ" ಅಂತ ಆ ಕಾಲಂ ಖಾಲಿ ಬಿಟ್ಟಿದ್ದಳು. ಕೂತು ಎಣಿಸಿದೆವು. ಒಂದರಿಂದ ಹನ್ನೆರಡರವರೆಗೆ, ಆರು ಮತ್ತು ಏಳು ಬಿಟ್ಟು. ಸರಿಯಾಗಿ ಹತ್ತು! ಬೆರಳು ಮಡಚಿ ಮತ್ತೊಂದು ಸಲ ಎಣಿಸಿದಳು.

ಮೂರನೇ ದಿನ ಬೆಳಿಗ್ಗೆ ಟೈಪಿಂಗ್. ಇಪ್ಪತ್ತು ನಿಮಿಷ ಸಾಕು.

ಸುಮ್ನೆ ಕುತೂಹಲಕ್ಕೆ ಫಾರ್ಮ್‌ಗೆ ಅಪ್‌ಲೋಡ್ ಮಾಡುವ ಸಹಿಯ ಮೇಲೂ ಪ್ರಯೋಗ ಮಾಡಿದೆ. ನೀಲಿ ಬಾಲ್ ಪೆನ್ ಸ್ಕ್ಯಾನ್‌ನಲ್ಲಿ ಮಸುಕಾಗುತ್ತದೆ. ಸ್ಕೆಚ್ ಪೆನ್ ಹರಡುತ್ತದೆ. ಕಪ್ಪು ಜೆಲ್ ಪೆನ್ ಗೆದ್ದಿತು. ಸ್ಕ್ಯಾನರ್‌ಗಿಂತ ಬೆಳಗಿನ ಬಿಸಿಲಿಗೆ ಬಾಗಿಲಲ್ಲಿ ಮೊಬೈಲ್‌ನಿಂದ ತೆಗೆದದ್ದೇ ಎಷ್ಟೋ ಚೆನ್ನಾಗಿ ಬಂತು. ಫೋಟೋದ ಕೆಬಿ ಇಳಿಸಿದರೂ ಮುಖ ಮಂಕಾಗದ ಹಾಗೆ ಮಾಡುವ ಒಂದು ಉಪಾಯ ಇದೆ. ಅದನ್ನು ಹೇಳಲ್ಲ, ಹೊಟ್ಟೆಪಾಡು.

ಚಾರ್ಜ್ ಈಗ 250 ಮಾಡಿದ್ದೇನೆ. ಯಾರೂ ಚೌಕಾಸಿ ಮಾಡಿಲ್ಲ. ಮೊನ್ನೆ ಪಕ್ಕದ ಸೆಂಟರ್‌ನವರು ಬಂದು ಆ ಹಾಳೆ ಕೇಳಿದರು. ಜೆರಾಕ್ಸ್ ಮಾಡಿ ಕೊಟ್ಟೆ. ಮುಂದಿನ ಬದಿ ಮಾತ್ರ.