ಉತ್ತರ ಬಾರದ ಪತ್ರಗಳಿಗೆ ಸಂಖ್ಯೆ ಹಾಕಿ

ಮಗಳು ಸೈನಿಕ ತರಬೇತಿಗೆ ಹೊರಡುವ ಹಿಂದಿನ ರಾತ್ರಿ ಅವಳ ಚೀಲವನ್ನು ಮೂರು ಬಾರಿ ಬಿಚ್ಚಿ ಜೋಡಿಸಿದ್ದೆ. ನಾಲ್ಕನೆಯ ಬಾರಿ ಕೈ ಹಾಕಿದಾಗ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. “ಅಮ್ಮಾ, ಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲ ಅಲ್ಲಿ ತೆಗೆದಿಡುತ್ತಾರೆ. ನೀನು ಸುಮ್ಮನೆ ನನ್ನ ಪಕ್ಕದಲ್ಲಿ ಕೂತುಕೋ.” ಕೂತುಕೊಂಡೆ. ಆ ಅರ್ಧ ಗಂಟೆ ಆಮೇಲಿನ ಎಷ್ಟೋ ವಾರಗಳಿಗೆ ನನಗೆ ಆಸರೆಯಾಯಿತು. ನಿಮ್ಮ ಮಗುವಿಗೂ ಹೊರಡುವ ದಿನ ಬಂದಿದ್ದರೆ, ಪಟ್ಟಿಯಲ್ಲಿದ್ದಷ್ಟನ್ನು ತುಂಬಿ ಚೀಲ ಮುಚ್ಚಿಬಿಡಿ. ಉಳಿದ ಹೊತ್ತನ್ನು ಮಗುವಿನ ಜೊತೆ ಕಳೆಯಿರಿ.

ಹೊರಡುವ ಮೊದಲು ಆಗಲೇಬೇಕಾದ ಕೆಲಸ ಒಂದಿದೆ. ದಾಖಲೆಯಲ್ಲಿರುವ ಪೂರ್ಣ ಹೆಸರು, ಕೊಟ್ಟಿದ್ದರೆ ಸೇವಾ ಸಂಖ್ಯೆ, ತರಬೇತಿ ಕೇಂದ್ರದ ವಿಳಾಸ, ತುರ್ತು ಸಂದರ್ಭದಲ್ಲಿ ಮನೆಯವರು ಕರೆ ಮಾಡಬೇಕಾದ ಸಂಖ್ಯೆ, ಇಷ್ಟನ್ನೂ ಕಾಗದದ ಮೇಲೆ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ. ನಮ್ಮ ಅತ್ತೆಯವರನ್ನು ಮಧ್ಯರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಾಗ ಮಗಳಿಗೆ ಸುದ್ದಿ ಮುಟ್ಟಿದ್ದು ಆ ಕಾಗದದಿಂದ. ದೊಡ್ಡ ಸುದ್ದಿಯನ್ನು ಮುಚ್ಚಿಡಬೇಡಿ, ಪತ್ರದಲ್ಲೂ ಬರೆಯಬೇಡಿ. ಕೇಂದ್ರದ ಮೂಲಕವೇ ತಿಳಿಸಿ. ಆಗ ಸುದ್ದಿ ಕೇಳುವ ಹೊತ್ತಿಗೆ ಅವಳ ಪಕ್ಕದಲ್ಲಿ ಯಾರಾದರೂ ಇರುತ್ತಾರೆ.

ಇನ್ನೊಂದು ಮಾತನ್ನು ಕಿವಿಯಲ್ಲಿ ಹೇಳಿ ಕಳುಹಿಸಿ: ಕಾಲು ನೋವನ್ನು ಅಡಗಿಸಬೇಡ. ಕವಾಯತಿನ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ ದಾಖಲಿಸಿದ್ದರು. ಅದು ಮೂಳೆಯಲ್ಲಿ ಬೀಳುವ ಸಣ್ಣ ಬಿರುಕು ಎಂದು ಗೊತ್ತಾದದ್ದು ಎಕ್ಸ್-ರೇ ಬಂದ ಮೇಲೆ. ಓಟ ಮತ್ತು ಹೊರೆ ಒಮ್ಮೆಲೇ ಹೆಚ್ಚಿದಾಗ ಸ್ನಾಯುವಿನಷ್ಟು ಬೇಗ ಮೂಳೆ ಹೊಂದಿಕೊಳ್ಳುವುದಿಲ್ಲ. ತಂಡದಿಂದ ಹಿಂದೆ ಬೀಳುವ ಭಯಕ್ಕೆ ಮಕ್ಕಳು ನೋವು ನುಂಗುತ್ತಾರೆ. ನನ್ನ ಮಗಳೂ ಐದು ದಿನ ನುಂಗಿದ್ದಳು. ಸಾಧ್ಯವಾದರೆ ಹೊರಡುವುದಕ್ಕೆ ಕೆಲವು ವಾರ ಮೊದಲೇ ನಡಿಗೆ, ಓಟವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಬರಲಿ.

ಇನ್ನು ಮೌನದ ವಿಷಯ. ಬಹಳ ಕಡೆ ಮೊದಲ ವಾರಗಳಲ್ಲಿ ಮೊಬೈಲ್ ಕೈಯಲ್ಲಿ ಇರುವುದಿಲ್ಲ. ತಲುಪಿದ ಕೂಡಲೇ ಒಂದು ಕರೆ ಬಂದರೂ ಅದು ನಿಮಿಷದೊಳಗೆ ಮುಗಿದುಹೋಗಬಹುದು. ಮಗಳು “ಕ್ಷೇಮವಾಗಿ ತಲುಪಿದೆ” ಎಂದಳು. “ಧ್ವನಿ ಯಾಕೆ ಹೀಗಿದೆ?” ಎಂದು ನಾನು ಎರಡು ಸಲ ಕೇಳುವಷ್ಟರಲ್ಲಿ ಕರೆ ಕಡಿದುಹೋಯಿತು. ಆಮೇಲೆ ಹನ್ನೊಂದು ದಿನ ಏನೂ ಇಲ್ಲ. ನಾನು ಸ್ನಾನಕ್ಕೂ ಫೋನ್ ಒಯ್ಯುತ್ತಿದ್ದೆ. ಅನಾಹುತವಾಗಿದ್ದರೆ ಕೇಂದ್ರದವರೇ ತಿಳಿಸುತ್ತಾರೆ. ಕರೆ ಬರಲಿಲ್ಲವೆಂದರೆ ಅವಳು ಓಡುತ್ತಿದ್ದಾಳೆ, ಬೂಟು ಉಜ್ಜುತ್ತಿದ್ದಾಳೆ ಅಥವಾ ನಿದ್ದೆಹೋಗಿದ್ದಾಳೆ, ಅಷ್ಟೇ. ಇದನ್ನು ನಾನು ಪ್ರತಿ ರಾತ್ರಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ನೀವೂ ಹೇಳಿಕೊಳ್ಳಿ, ನಾಚಿಕೆ ಬೇಡ. ಗುರುತಿಲ್ಲದ ಸಂಖ್ಯೆಯಿಂದ ಬರುವ ಕರೆಗಳನ್ನು ಮಾತ್ರ ತಪ್ಪದೆ ಎತ್ತಿ.

ಅವಧಿ ಎಷ್ಟೆಂದು ಮೊದಲೇ ತಿಳಿದುಕೊಳ್ಳಿ, ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಭೂಸೇನೆಯ ಮೂಲ ತರಬೇತಿ 10 ವಾರ, ಅಲ್ಲಿನ ಮೆರೀನ್ ಪಡೆಯದು 13 ವಾರ. ಭಾರತದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕೆಡೆಟ್‌ಗೆ 3 ವರ್ಷ. ವಾರಗಳಾದರೆ ಎಣಿಸಿ. ವರ್ಷಗಳಾದರೆ ಮುಂದಿನ ರಜೆಯವರೆಗೆ ಮಾತ್ರ ಎಣಿಸಿ.

ಆ ಮೌನದಲ್ಲಿ ನನ್ನನ್ನು ಕಾಪಾಡಿದ್ದು ಪತ್ರ. ನಾಲ್ಕು ಪತ್ರ ಒಟ್ಟಿಗೆ ಸಿಗುವುದುಂಟು, ಎರಡನೆಯದಕ್ಕಿಂತ ಐದನೆಯದು ಮುಂಚೆ ಸಿಗುವುದುಂಟು. ಆದ್ದರಿಂದ ಪ್ರತಿ ಪತ್ರದ ಮೂಲೆಯಲ್ಲಿ ದಿನಾಂಕದ ಜೊತೆ ಸಂಖ್ಯೆಯನ್ನೂ ಬರೆಯಿರಿ. ಬಣ್ಣದ ಲಕೋಟೆ, ಚಿತ್ರ, ಅಲಂಕಾರ ಬೇಡ. ಎಲ್ಲರ ಎದುರು ಮಗು ಬೇರೆಯಾಗಿ ಕಾಣಬಾರದು. ಒಳಗೆ ಏನು ಬರೆಯಬೇಕು? ನನ್ನ ಮೊದಲ ಪತ್ರದಲ್ಲಿ “ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ” ಎಂದು ಎರಡು ಪುಟ ತುಂಬಿಸಿದ್ದೆ. ನಮ್ಮವರು ಓದಿ, “ಇದನ್ನು ಅವಳು ಹೊತ್ತುಕೊಂಡು ಓಡಬೇಕಲ್ಲ” ಎಂದರು. ಹರಿದುಹಾಕಿ ಬೇರೆ ಬರೆದೆ: ಅವಳ ಕಿಟಕಿಯ ಚಿಲಕ ಕೊನೆಗೂ ರಿಪೇರಿಯಾದದ್ದು, ತಮ್ಮ ಅವಳ ಸೈಕಲ್ಲಿನ ಗಂಟೆ ಮುರಿದದ್ದು, ಎದುರು ಮನೆಯ ಬೆಕ್ಕು ನಮ್ಮ ಬಟ್ಟೆಬುಟ್ಟಿಯಲ್ಲಿ ಮರಿ ಹಾಕಿದ್ದು. ಮರಿಗಳ ಕಥೆ ಏಳು ಪತ್ರಗಳಲ್ಲಿ ಮುಂದುವರಿಯಿತು, ಅವಳ ಕೋಣೆಯವರೆಲ್ಲ ಸೇರಿ ಓದುತ್ತಿದ್ದರಂತೆ. ಉತ್ತರ ಬೇಕೇಬೇಕಾದ ಪ್ರಶ್ನೆಗಳನ್ನು ಕೇಳಬೇಡಿ. ಅವಳಿಗೆ ಬರೆಯಲು ಸಮಯವಿಲ್ಲ. ಕೇಳಿದರೆ ಅದೂ ಒಂದು ಬಾಕಿ ಕೆಲಸವಾಗುತ್ತದೆ.

ಮೂರನೆಯ ವಾರದ ಕೊನೆಯಲ್ಲಿ ಕರೆ ಮಾಡಿ ಅತ್ತಳು. “ನನ್ನಿಂದ ಆಗುವುದಿಲ್ಲ, ಬಂದುಬಿಡುತ್ತೇನೆ.” ಇಂಥ ಕರೆ ನಿಮಗೂ ಬರಬಹುದು. “ಬಾ” ಎಂದೂ ಹೇಳಬೇಡಿ, “ಹೇಡಿಯಾಗಬೇಡ” ಎಂದೂ ಹೇಳಬೇಡಿ. “ಇವತ್ತು ಏನಾಯಿತು?” ಎಂದು ಕೇಳಿದೆ. ಹಗ್ಗ ಹತ್ತುವಾಗ ಅರ್ಧದಲ್ಲಿ ಜಾರಿದ್ದಳು, ಅವಳಿಂದಾಗಿ ತಂಡಕ್ಕೆಲ್ಲ ಶಿಕ್ಷೆಯಾಗಿತ್ತು. ಎಲ್ಲವನ್ನೂ ಕೇಳಿಸಿಕೊಂಡು, “ಮುಂದಿನ ಕರೆಯಲ್ಲಿ ನಿರ್ಧಾರ ಮಾಡೋಣ” ಎಂದೆ. ಮುಂದಿನ ಕರೆಯಲ್ಲಿ ಅವಳು ಆ ಮಾತನ್ನೇ ಎತ್ತಲಿಲ್ಲ. ಆದರೆ ದಣಿವು ಬೇರೆ, ಅಪಾಯ ಬೇರೆ. ಹಲವು ದಿನಗಳಿಂದ ನಿದ್ದೆಯೇ ಇಲ್ಲವೆಂದರೆ, ಬದುಕುವುದೇ ಬೇಡವೆಂಬ ಮಾತು ಬಂದರೆ, ಯಾರೋ ಕೈಮಾಡಿದರೆಂದೋ ಅನುಚಿತವಾಗಿ ನಡೆದುಕೊಂಡರೆಂದೋ ಹೇಳಿದರೆ, ಮುಂದಿನ ಕರೆಯವರೆಗೆ ಕಾಯಬೇಡಿ. ಬೀರುವಿನಲ್ಲಿ ಅಂಟಿಸಿದ ಸಂಖ್ಯೆಗೆ ಆಗಲೇ ಕರೆ ಮಾಡಿ.

ಸಮವಸ್ತ್ರದ ಚಿತ್ರ, ಸ್ಥಳ, ದಿನಾಂಕಗಳನ್ನು ಜಾಲತಾಣಗಳಲ್ಲಿ ಹಾಕಬೇಡಿ.

ಮನೆಯಲ್ಲಿ ಉಳಿದವರನ್ನು ನಾನು ಮರೆತಿದ್ದೆ. ಇದನ್ನು ಬರೆಯುವಾಗ ಈಗಲೂ ಮನಸ್ಸು ಹಿಂಡುತ್ತದೆ. ಮಗ ಶಾಲೆಯ ಓಟದಲ್ಲಿ ಎರಡನೆಯವನಾಗಿ ಬಂದು ಹೇಳಿದಾಗ, “ಅಕ್ಕನಿಗೆ ಬರೆಯುತ್ತೇನೆ” ಎಂದಷ್ಟೇ ಅಂದೆ. ಅವನು ಬಾಗಿಲಲ್ಲೇ ನಿಂತು, “ಅಮ್ಮಾ, ಹೋದದ್ದು ಅಕ್ಕ ಮಾತ್ರ ತಾನೇ?” ಎಂದ. ಅಂದಿನಿಂದ ಸಂಜೆ ಒಂದು ಗಂಟೆ ಅವನದು. ಆ ಹೊತ್ತಿನಲ್ಲಿ ಅಕ್ಕನ ಮಾತು ಅವನೇ ಎತ್ತಿದರೆ ಮಾತ್ರ. ನಮ್ಮವರು ಅಳಲಿಲ್ಲ, ಆದರೆ ಅವಳ ಹಳೆಯ ಬೂಟುಗಳಿಗೆ ಪ್ರತಿ ಭಾನುವಾರ ಪಾಲಿಶ್ ಹಾಕುತ್ತಿದ್ದರು. ಅವರಿಗೆ ದುಃಖವೇ ಇಲ್ಲವೆಂದು ನಾನು ತಿಂಗಳುಗಟ್ಟಲೆ ತಪ್ಪಾಗಿ ತಿಳಿದಿದ್ದೆ.

ಮೊದಲ ರಜೆಗೆ ನೆಂಟರನ್ನು ಕರೆಯಬೇಡಿ. ಮೊದಲ ಎರಡು ದಿನ ಅವಳು ನಿದ್ದೆ ಮಾಡಿದಳು. ನಸುಕಿನಲ್ಲಿ ತಾನೇ ಎದ್ದು ಹೊದಿಕೆಯನ್ನು ಮೂಲೆಗೆ ಮೂಲೆ ಸೇರಿಸಿ ಮಡಚಿಟ್ಟು, ಮತ್ತೆ ಅದರ ಪಕ್ಕದಲ್ಲೇ ಮಲಗುತ್ತಿದ್ದಳು. ಊಟ ನಾಲ್ಕು ನಿಮಿಷದಲ್ಲಿ ಮುಗಿಯುತ್ತಿತ್ತು. “ನಿಧಾನ” ಎನ್ನಬೇಕೆಂದು ಬಾಯಿತುದಿಗೆ ಬಂದರೂ ಹೇಳಲಿಲ್ಲ. ಮೂರನೆಯ ದಿನ ಚೀಲದಿಂದ ನನ್ನ ಪತ್ರಗಳ ಕಟ್ಟು ತೆಗೆದು ನೆಲದ ಮೇಲೆ ಸಾಲಾಗಿ ಜೋಡಿಸಿ, “ಹದಿನಾಲ್ಕು ಬಂದಿಲ್ಲ” ಎಂದಳು. ಹದಿನಾಲ್ಕರಲ್ಲಿ ಏನು ಬರೆದಿದ್ದೆನೆಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅದು ಕೊನೆಯ ಬೆಕ್ಕಿನ ಮರಿಯನ್ನು ಯಾರು ಸಾಕಲು ಒಯ್ದರು ಎಂಬ ಕಥೆ. ಅವಳು ಗೋಡೆಗೆ ಒರಗಿ ಕಾಲು ಚಾಚಿಕೊಂಡಳು. ನಾನು ಹೇಳತೊಡಗಿದೆ.